ಎರಡನೆಯ ಭಾಷೆ ತಾಯ್ನುಡಿಯ ಉಚ್ಚಾರಣೆಯನ್ನು ಬದಲಿಸಬಲ್ಲದೇ?

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರದ ಹಳ್ಳಿ, ಈಗ ಮೈಸೂರಿನಲ್ಲಿ ನೆಲೆಸಿದ್ದೇವೆ. ನನ್ನ ತಮ್ಮ ಅಮೆರಿಕಕ್ಕೆ ಹೋಗಿ ಹತ್ತು ವರ್ಷ ದಾಟಿದೆ. ಈ ಸಲ ಹಬ್ಬಕ್ಕೆ ಬಂದಾಗ ಅವನ ಕನ್ನಡ ಕೇಳಿ ಊರಿನವರು “ಏನ್ ಸ್ಟೈಲ್ ಒಡೀತಾವ್ನೆ” ಎಂದು ಆಡಿಕೊಂಡರು. ತಾನು ಮೊದಲಿನಂತೆಯೇ ಮಾತಾಡುತ್ತಿದ್ದೇನೆ ಎಂದು ಅವನು ಬೇಸರ ಮಾಡಿಕೊಂಡ. ಇತ್ತ, ಇಂಗ್ಲಿಷ್ ಮಾಧ್ಯಮದಲ್ಲಿ ನಾಲ್ಕನೆಯ ತರಗತಿ ಓದುವ ನನ್ನ ಮಗಳು ‘ಹಳ್ಳಿ’ಯನ್ನು ‘ಹಲ್ಲಿ’ ಎನ್ನುತ್ತಾಳೆ. ಇಂಗ್ಲಿಷ್ ಕಲಿತರೆ ಕನ್ನಡದ ಉಚ್ಚಾರಣೆ ನಿಜವಾಗಿಯೂ ಕೆಡುತ್ತದೆಯೇ? ಕೆಟ್ಟರೆ ಮತ್ತೆ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ತಮ್ಮ ಹೇಳುವುದೂ ನಿಜ, ಊರಿನವರು ಕೇಳಿಸಿಕೊಂಡದ್ದೂ ನಿಜ. ದೊಡ್ಡವರಾದ ಮೇಲೆ ಇನ್ನೊಂದು ಭಾಷೆಯನ್ನು ಕಲಿತು ಅದರಲ್ಲಿಯೇ ದಿನ ಕಳೆಯುವವರ ತಾಯ್ನುಡಿಯ ಉಚ್ಚಾರಣೆ, ಅವರ ಅರಿವಿಗೇ ಬಾರದಂತೆ, ಆ ಭಾಷೆಯ ಕಡೆಗೆ ಸ್ವಲ್ಪ ವಾಲಬಲ್ಲದು ಎಂಬುದನ್ನು ಧ್ವನಿವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಮಗಳ ‘ಹಲ್ಲಿ’ಯ ಕಥೆ ಮಾತ್ರ ಬೇರೆ. ಎರಡನ್ನೂ ಇಂಗ್ಲಿಷಿನ ತಲೆಗೇ ಕಟ್ಟುವುದರಿಂದ ಗೊಂದಲವಾಗುತ್ತದೆ. ಆದ್ದರಿಂದ ಮೊದಲು ತಮ್ಮನ ವಿಷಯವನ್ನು ಮುಗಿಸಿ ಆಮೇಲೆ ಮಗಳ ವಿಷಯಕ್ಕೆ ಬರುತ್ತೇನೆ.

ತಾಯ್ನುಡಿಯ ಪ್ರಭಾವ ಕಲಿತ ಭಾಷೆಯ ಮೇಲೆ ಬೀಳುವುದನ್ನು ನಾವೆಲ್ಲ ಬಲ್ಲೆವು. ಆಫೀಸು ‘ಆಪೀಸು’ ಆದದ್ದು, ಕಾಫಿ ‘ಕಾಪಿ’ ಆದದ್ದು, ಸ್ಕೂಲಿಗೆ ಮುಂದೊಂದು ಇಕಾರ ಸೇರಿ ‘ಇಸ್ಕೂಲು’ ಆದದ್ದು ಇದರಿಂದಲೇ. ಈ ಪ್ರಭಾವ ಹಿಂದಕ್ಕೂ ಹರಿಯುತ್ತದೆ, ಬಾಲ್ಯದಲ್ಲಿ ಗಟ್ಟಿಯಾಗಿ ಕೂತ ಭಾಷೆಯೂ ಆಮೇಲೆ ಬಂದ ಭಾಷೆಗೆ ಜಾಗ ಬಿಟ್ಟುಕೊಡುತ್ತದೆ ಎಂಬ ಮಾತನ್ನು ವಿದ್ವಾಂಸರು ಗಂಭೀರವಾಗಿ ಅಳೆಯತೊಡಗಿದ್ದು ತಡವಾಗಿ. ಅಮೆರಿಕದ ಧ್ವನಿವಿಜ್ಞಾನಿ ಜೇಮ್ಸ್ ಫ್ಲೆಗೆ 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಾರಿಯಲ್ಲಿ ಮುಖ್ಯವಾದುದು.

ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಸಣ್ಣ ತಾಂತ್ರಿಕ ವಿಷಯ ತಿಳಿದಿರಬೇಕು. ‘ಪ’ ಎನ್ನುವಾಗ ತುಟಿಗಳು ಮುಚ್ಚಿ ತೆರೆಯುತ್ತವೆ. ತೆರೆದ ಮೇಲೆ ಧ್ವನಿತಂತುಗಳು ಕಂಪಿಸತೊಡಗಿ ಸ್ವರ ಕೇಳಿಸುತ್ತದೆ. ಈ ಎರಡರ ನಡುವಿನ ಅಂತರ ಭಾಷೆಯಿಂದ ಭಾಷೆಗೆ ಬೇರೆ. ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಾಮ್ಸನ್ 1964ರಲ್ಲಿ ಹನ್ನೊಂದು ಭಾಷೆಗಳಲ್ಲಿ ಇದನ್ನು ಅಳೆದರು. ಅಮೆರಿಕನ್ ಇಂಗ್ಲಿಷಿನಲ್ಲಿ ಪದದ ಆದಿಯ ಪಕಾರಕ್ಕೆ ಸರಾಸರಿ 58 ಮಿಲಿಸೆಕೆಂಡ್, ಕಕಾರಕ್ಕೆ 80 ಮಿಲಿಸೆಕೆಂಡ್ ಸಿಕ್ಕಿತು. ನಮ್ಮ ಸೋದರ ಭಾಷೆಯಾದ ತಮಿಳಿನಲ್ಲಿ ಅವೇ ಧ್ವನಿಗಳಿಗೆ 12 ಮತ್ತು 24. ಕನ್ನಡದ ಅಲ್ಪಪ್ರಾಣಗಳೂ ಇದೇ ಬಗೆಯವು, ತುಟಿ ತೆರೆಯುತ್ತಿದ್ದಂತೆ ಸ್ವರ ಕೇಳಿಸಿಬಿಡುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪಾಪ’ ಎಂದರೆ ಗಾಳಿ ಅಷ್ಟಾಗಿ ತಾಕುವುದಿಲ್ಲ. ಅಮೆರಿಕದವರು ‘ಪೆನ್’ ಎಂದಾಗ ಅವರ ಅಂಗೈಗೆ ಸ್ಪಷ್ಟವಾಗಿ ತಾಕುತ್ತದೆ. ಆ ಗಾಳಿಯೇ ನಮ್ಮ ವ್ಯಾಕರಣದ ಮಹಾಪ್ರಾಣ. ನಮ್ಮಲ್ಲಿ ಅದಕ್ಕೆ ಬೇರೆ ಅಕ್ಷರವಿದೆ, ಅವರಲ್ಲಿ ಅದು ಪದದ ಆದಿಯಲ್ಲಿ ತಾನಾಗಿ ಬರುವ ಅಭ್ಯಾಸ.

ಫ್ಲೆಗೆ ಆರಿಸಿಕೊಂಡದ್ದು ಫ್ರೆಂಚ್ ಮತ್ತು ಇಂಗ್ಲಿಷ್. ಫ್ರೆಂಚಿನ ಅಲ್ಪಪ್ರಾಣಗಳು ನಮ್ಮವುಗಳ ಹಾಗೆ ಗಾಳಿಯಿಲ್ಲದವು. ಪ್ಯಾರಿಸ್ಸಿನಲ್ಲಿ ಬಹುಕಾಲ ನೆಲೆಸಿದ ಅಮೆರಿಕನ್ ಮಹಿಳೆಯರು ತಮ್ಮ ಸ್ವಂತ ಇಂಗ್ಲಿಷ್ ಆಡುವಾಗಲೂ ಈ ಅಂತರ ತಾಯ್ನಾಡಿನವರದಕ್ಕಿಂತ ಕಿರಿದಾಗಿತ್ತು. ಶಿಕಾಗೋದಲ್ಲಿ ನೆಲೆಸಿದ ಫ್ರೆಂಚ್ ಮಹಿಳೆಯರ ಫ್ರೆಂಚಿನಲ್ಲಿ ಅದು ಹಿಗ್ಗಿತ್ತು. ಇವರಲ್ಲಿ ಯಾರೂ ತಾಯ್ನುಡಿಯನ್ನು ಮರೆತವರಲ್ಲ, ಯಾರೂ ಬೇಕೆಂದು ಬದಲಿಸಿಕೊಂಡವರಲ್ಲ.

ನಿಮ್ಮ ಪ್ರಶ್ನೆಗೆ ಇದಕ್ಕಿಂತಲೂ ಹತ್ತಿರವಾದುದು ಮಿಶೆಲ್ ಸ್ಯಾನ್ಸಿಯರ್ ಮತ್ತು ಕ್ಯಾರಲ್ ಫೌಲರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ. ಬ್ರೆಜಿಲ್ ಮೂಲದ, ಪೋರ್ಚುಗೀಸ್ ತಾಯ್ನುಡಿಯ ವಿದ್ಯಾರ್ಥಿನಿಯೊಬ್ಬರು ಅಮೆರಿಕ ಮತ್ತು ಬ್ರೆಜಿಲ್‌ಗಳ ನಡುವೆ ಓಡಾಡುತ್ತಿದ್ದರು. ಅಮೆರಿಕದಲ್ಲಿ ಕೆಲವು ತಿಂಗಳು ಕಳೆದ ಮೇಲೊಮ್ಮೆ, ಬ್ರೆಜಿಲ್‌ನಲ್ಲಿ ಕೆಲವು ತಿಂಗಳು ಕಳೆದ ಮೇಲೊಮ್ಮೆ ಅವರ ಎರಡೂ ಭಾಷೆಗಳ ಮಾತನ್ನು ಧ್ವನಿಮುದ್ರಿಸಿದಾಗ, ಅವರು ಆಗಷ್ಟೇ ಕಾಲ ಕಳೆದಿದ್ದ ನಾಡಿನ ನುಡಿಯ ಕಡೆಗೆ ಎರಡೂ ಭಾಷೆಗಳು ಸರಿದಿದ್ದವು. ಆ ಧ್ವನಿಮುದ್ರಿಕೆಗಳನ್ನು ಕೇಳಿಸಿದಾಗ ಪೋರ್ಚುಗೀಸ್ ತಾಯ್ನುಡಿಯವರು ಅವರ ಪೋರ್ಚುಗೀಸಿನಲ್ಲಿ ಆದ ವ್ಯತ್ಯಾಸವನ್ನು ಗುರುತಿಸಿದರು. ಇಂಗ್ಲಿಷ್ ತಾಯ್ನುಡಿಯವರಿಗೆ ಅವರ ಇಂಗ್ಲಿಷಿನಲ್ಲಿ ಆದ ವ್ಯತ್ಯಾಸ ತಿಳಿಯಲಿಲ್ಲ. ಊರಿನವರ ಕಿವಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದು ಇದಕ್ಕಾಗಿ. ಮಿಲಿಸೆಕೆಂಡುಗಳ ಲೆಕ್ಕದ ಬದಲಾವಣೆ ಆಡುವವರಿಗೆ ತಿಳಿಯದಿದ್ದರೂ ಆ ನುಡಿಯಲ್ಲೇ ಹುಟ್ಟಿ ಬೆಳೆದವರ ಕಿವಿಗೆ ಏನೋ ಬೇರೆಯಾಗಿದೆ ಎಂದು ತಟ್ಟುತ್ತದೆ. ಏನು ಬೇರೆ ಎಂದು ಬಿಡಿಸಿ ಹೇಳಲಾಗದೆ, ಅದಕ್ಕೆ ಸ್ಟೈಲು ಎಂದು ಹೆಸರಿಡುತ್ತಾರೆ.

ಹೀಗಾಗಲು ಕಾರಣವೇನು? ಇಂಗ್ಲಿಷಿಗೊಂದು, ಕನ್ನಡಕ್ಕೊಂದು ಎಂದು ಎರಡು ಬೇರೆ ಕೋಠಿಗಳು ನಮ್ಮ ತಲೆಯಲ್ಲಿಲ್ಲ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಅಣ್ಣತಮ್ಮಂದಿರಂತೆ ಎರಡೂ ಭಾಷೆಗಳು ಇರುತ್ತವೆ. ಅಡುಗೆ ಬೇರೆಯಾದರೂ ಹೊಗೆ ಸೂರಿನ ಕೆಳಗೆ ಬೆರೆಯುತ್ತದೆ. ಫ್ಲೆಗೆ ಅವರ ಸಿದ್ಧಾಂತದ ಮುಖ್ಯ ಮಾತು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ: ತಾಯ್ನುಡಿಯಲ್ಲಿ ಇಲ್ಲವೇ ಇಲ್ಲದ ಧ್ವನಿಗಿಂತ, ತಾಯ್ನುಡಿಯ ಧ್ವನಿಯೊಂದಕ್ಕೆ ತೀರಾ ಹತ್ತಿರವಾಗಿದ್ದೂ ಅದೇ ಅಲ್ಲದ ಧ್ವನಿಯೇ ಹೆಚ್ಚು ತೊಡಕು ತರುತ್ತದೆ. ಹೊಸ ಧ್ವನಿಗೆ ಮನಸ್ಸು ಹೊಸ ಜಾಗ ಮಾಡಿಕೊಡುತ್ತದೆ. ಹತ್ತಿರದ ಧ್ವನಿಯನ್ನಾದರೆ “ಇದು ನಮ್ಮದೇ” ಎಂದು ಹಳೆಯದರ ಜೊತೆಗೆ ಕೂರಿಸುತ್ತದೆ, ಹಾಗೆ ಒಟ್ಟಿಗೆ ಕೂತ ಎರಡೂ ಕ್ರಮೇಣ ಒಂದರ ಕಡೆಗೊಂದು ಜರುಗುತ್ತವೆ.

ಈ ಸೂತ್ರವನ್ನು ಹಿಡಿದು ನೋಡಿದರೆ ಅಮೆರಿಕದಲ್ಲಿರುವ ಕನ್ನಡಿಗರ ಬಾಯಲ್ಲಿ ಯಾವ ಧ್ವನಿಗಳು ಅಲುಗಬಹುದೆಂದು ಊಹಿಸುವುದು ಕಷ್ಟವಲ್ಲ. ಮೊದಲನೆಯವು ಟ, ಡ. ಕನ್ನಡದಲ್ಲಿ ನಾಲಿಗೆಯ ತುದಿ ಹಿಂದಕ್ಕೆ ಮಡಿಚಿ ಅಂಗಳವನ್ನು ಮುಟ್ಟುತ್ತದೆ. ಅಮೆರಿಕನ್ ಇಂಗ್ಲಿಷಿನಲ್ಲಿ ಅದು ಹಲ್ಲಿನ ಹಿಂದಿನ ಒಸಡಿನ ದಿಣ್ಣೆಯನ್ನಷ್ಟೇ ಮುಟ್ಟುತ್ತದೆ. ನಾವು ಅದನ್ನು ಟಕಾರವೆಂದೇ ಲೆಕ್ಕ ಹಾಕುವುದರಿಂದ, ವರ್ಷಗಳು ಉರುಳಿದಂತೆ ‘ಊಟ’, ‘ಆಟ’ಗಳ ಟಕಾರವೂ ಮುಂದಕ್ಕೆ ಸರಿಯಬಹುದು. ರಕಾರದ್ದೂ ಇದೇ ಪಾಡು, ನಮ್ಮದು ನಾಲಿಗೆ ಬಡಿಯುವ ರಕಾರ, ಅವರದು ಎಲ್ಲಿಯೂ ತಾಗದೆ ಹೊರಳುವ ರಕಾರ. ಏ ಮತ್ತು ಓ ನಮ್ಮಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಸ್ವರ. ಇಂಗ್ಲಿಷಿನಲ್ಲಿ ಅವು ಯಕಾರ ವಕಾರಗಳ ಕಡೆಗೆ ಜಾರಿ ಮುಗಿಯುತ್ತವೆ, ಹಾಗಾಗಿ ‘ಹೇಳು’ ಎಂಬುದಕ್ಕೆ ‘ಹೆಯ್ಳು’ ಎಂಬ ಛಾಯೆ ಬರಬಹುದು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಒತ್ತಕ್ಷರ. ‘ಬಳಿ’ಗೂ ‘ಬಳ್ಳಿ’ಗೂ ಇರುವ ಭೇದವನ್ನು ಕನ್ನಡ ವ್ಯಂಜನವನ್ನು ಹಿಡಿದು ನಿಲ್ಲಿಸುವ ಕಾಲದಿಂದ ಮಾಡುತ್ತದೆ. ಇಂಗ್ಲಿಷಿನಲ್ಲಿ ಪದದೊಳಗೆ ಇಂಥ ದ್ವಿತ್ವವಿಲ್ಲ. ಕಾಗುಣಿತದಲ್ಲಿ ಎರಡು ಅಕ್ಷರ ಬರೆದರೂ ಆಡುವುದು ಒಂದನ್ನೇ. ಹಿಡಿತ ಒಂದಿಷ್ಟು ಸಡಿಲವಾದರೂ ಮಾತು ಅರ್ಥವಾಗುತ್ತದೆ, ಆದರೆ ಕನ್ನಡದ ನಡೆ ತಪ್ಪಿತೆಂದು ಕಿವಿ ಹೇಳುತ್ತದೆ.

ಮಾತಿನ ರಾಗವೂ ಹೀಗೆಯೇ ಬದಲಾಗುತ್ತದೆ. ಗ್ರೀಕ್ ಭಾಷೆಯನ್ನು ಬಹಳ ಚೆನ್ನಾಗಿ ಕಲಿತ ಡಚ್ಚರ ವಾಕ್ಯಗಳಲ್ಲಿ ಧ್ವನಿ ಏರುವ ಜಾಗವನ್ನು ಇನೆಕೆ ಮೆನೆನ್ 2004ರಲ್ಲಿ ಅಳೆದಾಗ, ಬಹುಪಾಲು ಜನರಲ್ಲಿ ಡಚ್ ರಾಗವೂ ಬದಲಾಗಿದ್ದುದು ಕಂಡಿತು. ಮಂಡ್ಯದ ಮಾತಿಗೆ ಅದರದೇ ಆದ ಏರಿಳಿತವಿದೆ. ಅದನ್ನು ಕಳೆದುಕೊಂಡವನ ಪ್ರತಿಯೊಂದು ಅಕ್ಷರ ಸರಿಯಾಗಿದ್ದರೂ ಅವನು ಹೊರಗಿನವನಂತೆ ಕೇಳಿಸುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತಮ್ಮನ ಮಾತಿನಲ್ಲಿ ಊರಿನವರು ಗುರುತಿಸಿದ್ದೆಲ್ಲವೂ ಇಂಗ್ಲಿಷಿನದೇ ಆಗಿರಬೇಕಿಲ್ಲ. ಹಳಗನ್ನಡದ ‘ಪಾಲ್’ ನಡುಗನ್ನಡದ ಹೊತ್ತಿಗೆ ‘ಹಾಲು’ ಆಯಿತು, ಮಂಡ್ಯದ ಬಾಯಲ್ಲಿ ಆ ಹಕಾರವೂ ಬಿದ್ದು ‘ಆಲು’ ಆಯಿತು; ‘ಬರ್ತೀನಿ’ ಅಲ್ಲಿ ‘ಬತ್ತೀನಿ’. ಅಮೆರಿಕದ ಕನ್ನಡ ಕೂಟಗಳಲ್ಲಿ ಬೆಂಗಳೂರು, ಶಿವಮೊಗ್ಗ, ಧಾರವಾಡಗಳವರ ಜೊತೆ ಹತ್ತು ವರ್ಷ ಬೆರೆತವನು ಸಹಜವಾಗಿಯೇ ‘ಹಾಲು’, ‘ಬರ್ತೀನಿ’ ಎನ್ನತೊಡಗುತ್ತಾನೆ. ಇದು ಕನ್ನಡದೊಳಗೇ ಒಂದು ಉಪಭಾಷೆಯಿಂದ ಇನ್ನೊಂದಕ್ಕೆ ಸರಿದದ್ದು. ಹಳ್ಳಿಯವರ ಕಿವಿಗೆ ಇದೂ ‘ಇಂಗ್ಲಿಷ್’ ಆಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ದೊಡ್ಡವರಾದ ಮೇಲೂ ಒಂದೇ ಭಾಷೆಯೊಳಗೆ ಉಚ್ಚಾರಣೆ ಹೀಗೆ ಸರಿಯುತ್ತದೆ ಎಂಬುದಕ್ಕೆ ಎಲಿಜಬೆತ್ ರಾಣಿಯ ಉದಾಹರಣೆಯಿದೆ: ಅವರ ಕ್ರಿಸ್ಮಸ್ ಭಾಷಣಗಳನ್ನು ಪರೀಕ್ಷಿಸಿದ ಜೊನಾಥನ್ ಹ್ಯಾರಿಂಗ್ಟನ್ ಮತ್ತು ಸಂಗಡಿಗರು, 1950ರ ದಶಕದಿಂದ 1980ರ ದಶಕದ ಹೊತ್ತಿಗೆ ರಾಣಿಯ ಸ್ವರಗಳು ಅರಮನೆಯಾಚೆಯ ದಕ್ಷಿಣ ಇಂಗ್ಲೆಂಡಿನ ಮಾತಿನತ್ತ ಜರುಗಿದ್ದನ್ನು 2000ದಲ್ಲಿ ತೋರಿಸಿದರು.

ಹಾಗಾದರೆ ಸೋಗು ಎಂಬುದು ಇಲ್ಲವೇ ಇಲ್ಲವೇ ಎಂದರೆ, ಇದೆ. ಆದರೆ ಅದರ ಲಕ್ಷಣ ಬೇರೆ. ಸೋಗು ಹಾಕುವವರು ಕಿವಿಗೆ ಎದ್ದು ಕಾಣುವ ಒಂದೆರಡು ಧ್ವನಿಗಳನ್ನು, ಹೆಚ್ಚಾಗಿ ರಕಾರವನ್ನು, ಆಯ್ದು ಉಬ್ಬಿಸುತ್ತಾರೆ; ಕೋಪ ಬಂದಾಗ, ದುಡ್ಡು ಎಣಿಸುವಾಗ, ದನ ಅಟ್ಟುವಾಗ ಅದು ಮಾಯವಾಗುತ್ತದೆ. ನಿಜವಾದ ಸರಿತ ಎಲ್ಲ ಪದಗಳಲ್ಲಿಯೂ ಸಣ್ಣ ಪ್ರಮಾಣದಲ್ಲಿ ಹರಡಿರುತ್ತದೆ. ಇಪ್ಪತ್ತು ಮಿಲಿಸೆಕೆಂಡಿನಷ್ಟು ಉಸಿರನ್ನು ಪ್ರತಿ ಪಕಾರ ಕಕಾರಕ್ಕೂ ತಪ್ಪದೆ ಸೇರಿಸಿ ನಟಿಸುವುದು ಪಳಗಿದ ನಟರಿಗೂ ಸುಲಭವಲ್ಲ. ನಿಮ್ಮ ತಮ್ಮ ತನಗೆ ತಿಳಿದೇ ಇಲ್ಲ ಎನ್ನುತ್ತಿರುವುದರಿಂದ ನಾನು ಅವರ ಮಾತನ್ನು ನಂಬುತ್ತೇನೆ.

ಇಂಥ ಬದಲಾವಣೆಗೆ ಹತ್ತು ವರ್ಷವೇ ಬೇಕೆಂದೂ ಇಲ್ಲ. ಕೊರಿಯಾದಲ್ಲಿ ಆರು ವಾರಗಳ ತೀವ್ರ ತರಗತಿಗೆ ಸೇರಿದ್ದ ಅಮೆರಿಕನ್ನರನ್ನು ಚಾರ್ಲ್ಸ್ ಚಾಂಗ್ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಆಗಷ್ಟೇ ಕೊರಿಯನ್ ಕಲಿಯತೊಡಗಿದ್ದ ಅವರ ಇಂಗ್ಲಿಷ್ ಉಚ್ಚಾರಣೆ ಆ ಕೆಲವೇ ವಾರಗಳಲ್ಲಿ ಅಳತೆಗೆ ಸಿಗುವಷ್ಟು ಸರಿದಿತ್ತು. ಮರುವರ್ಷದ ಲೇಖನದಲ್ಲಿ ಅವರು ಇನ್ನೊಂದು ಸಂಗತಿಯನ್ನು ಸೇರಿಸಿದರು: ಆ ಭಾಷೆಯನ್ನು ಮೊದಲೇ ಬಲ್ಲವರಿಗಿಂತ ಹೊಸಬರಲ್ಲಿಯೇ ಸರಿತ ಹೆಚ್ಚು. ಹೊಸ ಭಾಷೆಯ ಹೊಸತನವೇ ಹಳೆಯದನ್ನು ಕದಲಿಸುತ್ತದೆ. ಮೈಸೂರಿನಲ್ಲಿ ಜರ್ಮನ್ ತರಗತಿಗೋ ಜಪಾನಿ ತರಗತಿಗೋ ಸೇರಿ ಮೊದಲ ತಿಂಗಳಲ್ಲೇ ಮನೆಯವರಿಂದ “ನಿನ್ನ ಮಾತೇ ಬದಲಾಯಿತು” ಎಂದು ಕೇಳಿಸಿಕೊಂಡವರು ಇದನ್ನು ತಿಳಿದರೆ ನಿರಾಳವಾಗಬಹುದು.

ಸರಿಹೋಗುತ್ತದೆಯೇ ಎಂಬ ಪ್ರಶ್ನೆಗೆ ಬ್ರೆಜಿಲಿನ ವಿದ್ಯಾರ್ಥಿನಿಯ ಉದಾಹರಣೆಯಲ್ಲೇ ಉತ್ತರವಿದೆ. ಊರಲ್ಲಿ ಕೆಲವು ತಿಂಗಳು ಕಳೆದರೆ ಉಚ್ಚಾರಣೆಯೂ ಊರಿನ ಕಡೆಗೆ ಮರಳುತ್ತದೆ. ಪರದೇಶದಲ್ಲಿಯೇ ಇರುವವರ ವಿಷಯದಲ್ಲಿ ಕೆನಡಾ ಮತ್ತು ನೆದರ್‌ಲೆಂಡ್ಸ್‌ಗಳಲ್ಲಿ ನೆಲೆಸಿದ ಜರ್ಮನ್ನರ ಕುರಿತು ಎಸ್ತರ್ ಡಿ ಲೇವ್, ಮೋನಿಕಾ ಶ್ಮಿಡ್ ಮತ್ತು ಇನೆಕೆ ಮೆನೆನ್ 2010ರಲ್ಲಿ ಪ್ರಕಟಿಸಿದ ಕೆಲಸ ಪ್ರಯೋಜನಕಾರಿ. ಅವರಲ್ಲಿ ಕೆಲವರ ಜರ್ಮನ್, ಜರ್ಮನ್ನರ ಕಿವಿಗೇ ಪರಕೀಯವಾಗಿ ಕೇಳಿಸಿತು. ಯಾರದು ಹಾಗೆ ಕೇಳಿಸಿತು, ಯಾರದು ಕೇಳಿಸಲಿಲ್ಲ ಎಂಬುದನ್ನು ಹೆಚ್ಚಾಗಿ ನಿರ್ಧರಿಸಿದ್ದು ವಲಸೆ ಹೋದ ವಯಸ್ಸೋ ಕಳೆದ ವರ್ಷಗಳೋ ಅಲ್ಲ, ಬೇರೆ ಭಾಷೆ ಬೆರೆಯದ ಸಂದರ್ಭಗಳಲ್ಲಿ ಜರ್ಮನ್ ಆಡುವ ಅವಕಾಶ ಎಷ್ಟಿತ್ತು ಎಂಬುದು. ನಮಗೆ ಇದರ ಅರ್ಥ ಸರಳವಾಗಿದೆ. ಸಾಫ್ಟ್‌ವೇರ್ ಗೆಳೆಯರ ಜೊತೆ ವಾಕ್ಯಕ್ಕೆ ನಾಲ್ಕು ಇಂಗ್ಲಿಷ್ ಪದ ಬೆರೆಸಿ ಆಡುವ ಕನ್ನಡದಿಂದ ಸಿಗುವ ಲಾಭ ಕಡಿಮೆ. ಇಂಗ್ಲಿಷ್ ಬಾರದ ಅಜ್ಜಿಯ ಜೊತೆ, ಗದ್ದೆ ನೋಡಿಕೊಳ್ಳುವ ಚಿಕ್ಕಪ್ಪನ ಜೊತೆ ಫೋನಿನಲ್ಲಿ ಕಬ್ಬಿನ ಬಾಕಿ, ನಾಲೆಯ ನೀರು, ನೆಂಟರ ಮದುವೆಗಳ ಬಗ್ಗೆ ಆಡುವ ಮಾತು ಹೆಚ್ಚು ಕೆಲಸ ಮಾಡುತ್ತದೆ. ಇನ್ನೊಂದು ಮಾತು: ನಿಮ್ಮ ತಮ್ಮ ಮುಂದಿನ ಸಲ ಬಂದಾಗ ವಿಮಾನ ಇಳಿದ ದಿನವೇ ತೀರ್ಪು ಕೊಡಬೇಡಿ. ದ್ವಿಭಾಷಿಕನೆಂದರೆ ಒಂದೇ ದೇಹದಲ್ಲಿರುವ ಇಬ್ಬರು ಏಕಭಾಷಿಕರಲ್ಲ ಎಂದು ಫ್ರಾಂಸ್ವಾ ಗ್ರೋಜ್ಯಾನ್ ಹಲವು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಎದುರಿಗಿರುವವರು ಯಾರು, ಈಗಷ್ಟೇ ಆಡುತ್ತಿದ್ದ ಭಾಷೆ ಯಾವುದು ಎಂಬುದನ್ನು ಅನುಸರಿಸಿ ಅವನ ಎರಡೂ ಭಾಷೆಗಳು ಏರಿಳಿಯುತ್ತವೆ.

ಇನ್ನು ಮಗಳ ವಿಷಯ. ಮೇಲೆ ಹೇಳಿದ್ದೆಲ್ಲವೂ ಪೂರ್ತಿಯಾಗಿ ಬೆಳೆದ ತಾಯ್ನುಡಿ ಆಮೇಲೆ ಸರಿಯುವ ಕಥೆ. ಮಗುವಿನದು ಇನ್ನೂ ಕಟ್ಟುತ್ತಿರುವ ತಾಯ್ನುಡಿ. ಅಲ್ಲದೆ ನಮ್ಮ ಶಾಲೆಗಳಲ್ಲಿ ಕೇಳಿಬರುವ ಇಂಗ್ಲಿಷ್ ಅಮೆರಿಕದವರ ಇಂಗ್ಲಿಷ್ ಅಲ್ಲ. ಮೈಸೂರಿನ ಶಿಕ್ಷಕರು ‘ಟೇಬಲ್’ ಎನ್ನುವಾಗ ಬಳಸುವುದು ನಮ್ಮ ಟಕಾರವನ್ನೇ, ‘ಪೆನ್’ ಎನ್ನುವಾಗ ನಮ್ಮ ಗಾಳಿಯಿಲ್ಲದ ಪಕಾರವನ್ನೇ. ಕನ್ನಡದ ಧ್ವನಿಗಳಿಂದಲೇ ಕಟ್ಟಿದ ಇಂಗ್ಲಿಷ್ ಕನ್ನಡದ ಧ್ವನಿಗಳನ್ನು ಎಲ್ಲಿಗೆ ಎಳೆದೀತು? ಇಂಗ್ಲಿಷ್ ಮಾಧ್ಯಮದಿಂದ ನಾಲಿಗೆ ಕೆಟ್ಟಿತೆಂಬ ಸಾಮಾನ್ಯ ದೂರನ್ನು ನಾನು ಒಪ್ಪದಿರುವುದಕ್ಕೆ ಇದೇ ಮುಖ್ಯ ಕಾರಣ.

ಳಕಾರ ಜಾರುವುದು ಇನ್ನೊಂದು ದಾರಿಯಿಂದ. ರ, ಳ ಮುಂತಾದವು ಮಕ್ಕಳ ಬಾಯಿಗೆ ತಡವಾಗಿ ಕೂರುವ ಧ್ವನಿಗಳು. ಅವು ಗಟ್ಟಿಯಾಗಲು ಮಗು ಅವನ್ನು ಹೇರಳವಾಗಿ ಕೇಳಬೇಕು, ಆಡಬೇಕು, ಆಡಿದಾಗ ಅರ್ಥಭೇದ ಆಗುವುದನ್ನು ಅನುಭವಿಸಬೇಕು. ಇಂಗ್ಲಿಷಿನಲ್ಲಿ ಈ ಧ್ವನಿಯಿಲ್ಲ, ಇಂದಿನ ಶಿಷ್ಟ ಹಿಂದಿಯಲ್ಲಿಯೂ ಇಲ್ಲ. ಹಗಲಿನ ಬಹುಪಾಲು ಈ ಎರಡು ಭಾಷೆಗಳಲ್ಲಿ, ಸಂಜೆ ಅವೇ ಭಾಷೆಗಳ ಕಾರ್ಟೂನುಗಳಲ್ಲಿ ಕಳೆಯುವ ಮಗುವಿಗೆ ಳಕಾರ ಕಿವಿಗೆ ಬೀಳುವ ಹೊತ್ತೇ ಕಡಿಮೆ. ಇದರ ಜೊತೆಗೆ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸ ಬೇರೆ. ಅಲ್ಲಿ ಹುಲಿಯೂ ಹುಳಿಯೂ, ಕೊಲೆಯೂ ಕೊಳೆಯೂ ಒಂದೇ. ಹಾಗಾಗಿ ಇಲ್ಲಿ ಆಗಿರುವುದನ್ನು ಇಂಗ್ಲಿಷಿನ ಎಳೆತ ಎನ್ನುವುದಕ್ಕಿಂತ ಕನ್ನಡದ ಅಭಾವ ಎನ್ನುವುದು ಸರಿ. ಪರಿಹಾರವೂ ಇದರಿಂದಲೇ ಹೊಳೆಯುತ್ತದೆ, ಇಂಗ್ಲಿಷನ್ನು ಕಡಿಮೆ ಮಾಡಬೇಕಿಲ್ಲ, ಕನ್ನಡವನ್ನು ಹೆಚ್ಚು ಮಾಡಬೇಕು.

ಇಂಗ್ಲಿಷಿನ ನೇರ ಪ್ರಭಾವವನ್ನು ಈ ವಯಸ್ಸಿನ ಮಕ್ಕಳಲ್ಲಿ ನೋಡಬೇಕೆಂದರೆ ‘ಫಲ’ ಎಂಬುದನ್ನು ಓದಿಸಿ. ಹಿಂದೆ ಹಳ್ಳಿಯವರು ಅದನ್ನು ‘ಪಲ’ ಎನ್ನುತ್ತಿದ್ದರು, ಪಂಡಿತರು ತುಟಿ ಮುಚ್ಚಿ ಮಹಾಪ್ರಾಣವಾಗಿ ಉಚ್ಚರಿಸುತ್ತಿದ್ದರು; ಇಂದಿನ ಮಕ್ಕಳಲ್ಲಿ ಅನೇಕರು ಫ್ಯಾನು, ಫೋನುಗಳ ಫಕಾರವನ್ನೇ ಹಲ್ಲಿನಿಂದ ತುಟಿ ಒತ್ತಿ ಇಲ್ಲಿಗೂ ತರುತ್ತಾರೆ. ಎರಡು ಬೇರೆ ಧ್ವನಿಗಳಿಗೆ ಲಿಪಿಯಲ್ಲಿ ಒಂದೇ ಅಕ್ಷರ ಬಳಕೆಯಾದದ್ದೂ ಇದಕ್ಕೆ ಕಾರಣ. ಇದನ್ನು ನಾನು ಕೆಡುಕು ಎನ್ನಲಾರೆ. ಸಂಸ್ಕೃತದ ಸಹವಾಸದಿಂದ ಕನ್ನಡಕ್ಕೆ ಮಹಾಪ್ರಾಣಗಳು ಬಂದವು, ಬಂದರೂ ಆಡುಮಾತು ಅವನ್ನು ಪೂರ್ತಿ ಒಪ್ಪಿಕೊಳ್ಳಲಿಲ್ಲ. ಇನ್ನೊಂದೆಡೆ ಱ ಮತ್ತು ೞ ಎಂಬ ಎರಡು ಧ್ವನಿಗಳನ್ನು ಕನ್ನಡ ಇಂಗ್ಲಿಷ್ ಬರುವುದಕ್ಕೆ ಶತಮಾನಗಳ ಮೊದಲೇ ಕಳೆದುಕೊಂಡಿತ್ತು. ಳಕಾರದ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ, ಏಕೆಂದರೆ ಅದರ ಮೇಲೆ ನಿಂತಿರುವ ಅರ್ಥಭೇದಗಳು ತುಂಬ; ಕಬ್ಬಿನ ಬೆಲೆಗೂ ಕಬ್ಬಿನ ಬೆಳೆಗೂ ವ್ಯತ್ಯಾಸವಿಲ್ಲದಿದ್ದರೆ ಮಂಡ್ಯದಲ್ಲಿ ಮಾತೇ ನಡೆಯುವುದಿಲ್ಲ.

ಬಾಲ್ಯದ ಭಾಷೆ ಪೂರ್ತಿ ಅಳಿಸಿಹೋಗುವ ಭಯ ನಿಮಗೆ ಬೇಡ. ಮೂರರಿಂದ ಎಂಟು ವರ್ಷದೊಳಗೆ ದತ್ತು ಹೋಗಿ ಫ್ರಾನ್ಸಿನಲ್ಲಿ ಬೆಳೆದ ಕೊರಿಯನ್ ಮಕ್ಕಳು, ದೊಡ್ಡವರಾದ ಮೇಲೆ ಕೊರಿಯನ್ ಭಾಷೆಯನ್ನು ಗುರುತಿಸಲೂ ಆಗದಂತಾಗಿದ್ದರೆಂದು ಕ್ರಿಸ್ತೋಫ್ ಪಾಲ್ಯೇ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದ್ದುಂಟು. ಆದರೆ ಅವರಿಗೆ ತಾಯ್ನುಡಿಯ ನಂಟು ಪೂರ್ತಿಯಾಗಿ ಕಡಿದುಹೋಗಿತ್ತು. ನಿಮ್ಮ ಮಗಳ ಸುತ್ತ ಮೈಸೂರಿದೆ.

ಮನೆಯಲ್ಲಿ ಮೊದಲು ಮಾಡಬೇಕಾದದ್ದು ಒಂದು ಚಿಕ್ಕ ಪರೀಕ್ಷೆ. ಹುಲಿಯ ಚಿತ್ರವನ್ನೂ ಹುಣಿಸೆಯ ಹುಳಿಯ ಚಿತ್ರವನ್ನೂ ಎದುರಿಗಿಟ್ಟು, ನಿಮ್ಮ ತುಟಿ ಕಾಣದಂತೆ ಹಿಂದಿನಿಂದ ಒಂದೊಂದೇ ಪದವನ್ನು ಬೇರೆ ಬೇರೆ ಕ್ರಮದಲ್ಲಿ ಹೇಳಿ, ಯಾವುದೆಂದು ತೋರಿಸಲು ಹೇಳಿ. ತಪ್ಪಿಲ್ಲದೆ ತೋರಿಸಿದರೆ ಕಿವಿ ಚೆನ್ನಾಗಿದೆ, ನಾಲಿಗೆಗೆ ಅಭ್ಯಾಸವಷ್ಟೇ ಬೇಕು. ಣಕಾರ, ಡಕಾರಗಳನ್ನು ಸರಿಯಾಗಿ ಆಡುವ ಮಗುವಿನ ನಾಲಿಗೆಗೆ ಮಡಿಚಲು ಬರುತ್ತದೆ; ‘ಹಣ್ಣು’ ಹೇಳಿಸಿ ಅದೇ ಜಾಗದಲ್ಲಿ ನಾಲಿಗೆಯನ್ನು ಇರಿಸಿಕೊಂಡು ‘ಹಳ್ಳ’ ಹೇಳಿಸಿದರೆ ಬೇಗ ಹಿಡಿಯುತ್ತದೆ. ಹತ್ತು ಜನರ ಮುಂದೆ ತಿದ್ದಬೇಡಿ, ನಕ್ಕರಂತೂ ಮಗು ಕನ್ನಡ ಆಡುವುದನ್ನೇ ಬಿಡುತ್ತದೆ. ರಜೆಯಲ್ಲಿ ಹಳ್ಳಿಯ ಅಜ್ಜಿಯ ಮನೆಗೆ ಕಳಿಸುವುದು, ದಿನಕ್ಕಿಷ್ಟು ಕನ್ನಡ ಲಿಪಿಯಲ್ಲಿಯೇ ಗಟ್ಟಿಯಾಗಿ ಓದಿಸುವುದು ಯಾವ ವಿಶೇಷ ತರಬೇತಿಗೂ ಕಡಿಮೆಯಲ್ಲ.

ಕೇಳಿಸಿಕೊಂಡು ಬೇರ್ಪಡಿಸುವುದೇ ಅವಳಿಗೆ ಆಗದಿದ್ದರೆ, ಅಥವಾ ಳಕಾರದ ಜೊತೆ ರ, ಸ, ಟ ಮುಂತಾದವೂ ಎಡವುತ್ತಿದ್ದರೆ, ಇಂಗ್ಲಿಷಿನಲ್ಲಿಯೂ ಅವೇ ಧ್ವನಿಗಳು ತಪ್ಪುತ್ತಿದ್ದರೆ, ಅದು ಭಾಷೆಗಳ ಪ್ರಭಾವದ ಪ್ರಶ್ನೆಯೇ ಅಲ್ಲ. ನಾಲ್ಕನೆಯ ತರಗತಿಯ ವಯಸ್ಸಿನಲ್ಲಿ ಇನ್ನೂ ಕಾಯುತ್ತ ಕೂರುವುದೂ ಸರಿಯಲ್ಲ. ನಿಮ್ಮ ಊರಿನಲ್ಲಿಯೇ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಶ್ರವಣ ಪರೀಕ್ಷೆಯನ್ನೂ ಮಾತಿನ ಮೌಲ್ಯಮಾಪನವನ್ನೂ ಮಾಡಿಸಿ. ಹೋಗುವಾಗ ಮನೆಯಲ್ಲಿ, ಶಾಲೆಯಲ್ಲಿ, ಆಟದಲ್ಲಿ ಅವಳು ಯಾವ ಭಾಷೆಯನ್ನು ಎಷ್ಟು ಹೊತ್ತು ಆಡುತ್ತಾಳೆ ಎಂಬುದನ್ನು ಒಂದು ವಾರ ಗಮನಿಸಿ ಬರೆದುಕೊಂಡು ಹೋದರೆ, ಪರೀಕ್ಷಿಸುವವರ ಅರ್ಧ ಕೆಲಸ ಹಗುರವಾಗುತ್ತದೆ.